ಓನರಮ್ಮನ ಅನುಮಾನ

ಅನುಮಾನ ಬಂತೆಂದರೆ ಓನರಮ್ಮನ ಮೂಗಿನ ಹೊಳ್ಳೆ ಅರಳುತ್ತಿತ್ತು. ಅದರ ಜೊತೆ ಏಳು ಹರಳಿನ ಮೂಗುಬಟ್ಟೂ ಅಲುಗುತ್ತಿತ್ತು. ಹಾಲಿನವನು ಬಂದರೂ ಅಷ್ಟೇ, ವೋಟು ಕೇಳುವವರು ಬಂದರೂ ಅಷ್ಟೇ. ನಾನೂ ಅವ್ವನೂ ಕುಷ್ಟಗಿಯಿಂದ ಗಂಗಾವತಿಗೆ ಬಂದು ಅವರ ಹಿತ್ತಲ ಖೋಲಿ ಬಾಡಿಗೆಗೆ ಕೇಳಿದ ದಿನ ಆ ಮೂಗುಬಟ್ಟು ನಿಂತೇ ಇರಲಿಲ್ಲ. "ಇಬ್ಬರ ಇರ್ತೀರಲ್ಲ? ಆಮ್ಯಾಲ ಮತ್ಯಾರೂ ಬರಂಗಿಲ್ಲಲ್ಲ?" ಎಂದು ಕೇಳಿ ಕೇಳಿ ಕೀಲಿ ಕೊಟ್ಟರು. ಇದೊಂದೇ ಕೀಲಿ, ಕಳೆಯಬೇಡ ಎಂದರು.

ಗಂಡ ತೀರಿಕೊಂಡ ಮೇಲೆ ಮುಂದಿನ ಮನೆಯಲ್ಲಿ ಅವರೊಬ್ಬರೇ. ತರಕಾರಿಯವನ ತಕ್ಕಡಿಯ ಕೆಳಗೆ ಕೈಯಾಡಿಸಿ ನೋಡುವರು. ತಾವೇ ಹಾಕಿದ ಬೀಗವನ್ನು ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗುವರು.

ನಾನು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಅವ್ವ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಾಗ ಆ ಕೆಲಸ ಬಿಟ್ಟೆ. ಮನೆಯಲ್ಲೇ ಕೂತು ಹಿಮಗೋಲ ಮಾಡತೊಡಗಿದೆ. ಹೊಟ್ಟೆ ಉಬ್ಬಿದ ಗಾಜಿನ ಬಾಟಲಿಯ ಮುಚ್ಚಳಕ್ಕೆ ಹೊಳೆಯ ಸಣ್ಣ ಕಲ್ಲುಗಳನ್ನು ಅಂಟಿಸಿ ಆನೆಗೊಂದಿಯ ಬೆಟ್ಟ ಕಟ್ಟುವುದು. ನೀರಿಗೆ ಗ್ಲಿಸರಿನ್ ಬೆರೆಸಿ, ಬಿಳಿಯ ಮಿನುಗುಚೂರು ಹಾಕಿ, ಮುಚ್ಚಳ ಬಿಗಿದು ಬೋರಲು ನಿಲ್ಲಿಸುವುದು. ಅಲುಗಿಸಿದರೆ ಬೆಟ್ಟದ ಮೇಲೆ ಹಿಮ ನಿಧಾನಕ್ಕೆ ಇಳಿಯುತ್ತಿತ್ತು. ಸಾಣಾಪುರದ ಅಂಗಡಿಯವನೊಬ್ಬ ಪ್ರವಾಸಿಗರಿಗೆ ಮಾರಲು ಒಪ್ಪಿಕೊಂಡ.

ಒಂದು ದಿನ ಓನರಮ್ಮ ಬಾಗಿಲಲ್ಲಿ ನಿಂತರು. "ಔಷಧ ಅಂಗಡ್ಯಾಗ ಕೇಳೇನಿ. ಬಾಟ್ಲಿಗಟ್ಟಲೆ ಗ್ಲಿಸರಿನ್ ಒಯ್ತಿಯಂತ. ಏನ್ ಕಾಸ್ತಿ ಒಳಗ?"

"ಕಾಸೂದಿಲ್ರಿ ಅಮ್ಮಾ, ಇದನ್ನ ಮಾಡ್ತೀನ್ರಿ," ಎಂದು ಒಂದನ್ನು ಅಲುಗಿಸಿ ತೋರಿಸಿದೆ.

ಮೂಸಿ ನೋಡಿದರು. "ಆನೆಗೊಂದಿ ಬೆಟ್ಟದ ಮ್ಯಾಲ ಬರ್ಫ ಯಾವಾಗ ಬಿತ್ತು?"

"ಬಿದ್ದಿಲ್ರಿ. ಚಂದ ಕಾಣ್ಲಿ ಅಂತ."

"ಬೀಳದ್ದನ್ನ ಬಿದ್ದೈತಿ ಅಂತ ಮಾರ್ತಿ ಅನ್ನು."

ಅಲ್ಲಿಂದ ಅವರ ಕಣ್ಣು ನಮ್ಮ ಕಿಟಕಿಯ ಮೇಲೆ. ಬಟ್ಟೆ ಒಣಹಾಕುವ ನೆಪದಲ್ಲಿ ಬಂದು ಇಣುಕುತ್ತಿದ್ದರು. ನಮ್ಮಿಂದ ಖೋಲಿ ಬಿಡಿಸಲು ನೆಪ ಹುಡುಕುತ್ತಿದ್ದಾರೆ ಎಂದು ನನಗೂ ಅನುಮಾನ ಹುಟ್ಟಿತು. ದಪ್ಪನೆಯ ಪರದೆ ತಂದು ಕಟ್ಟಿದೆ. ಅಂಟು ಒಣಗಲೆಂದು ಬಾಟಲಿಗಳನ್ನು ಪರದೆಗೂ ಕಿಟಕಿಯ ಸರಳಿಗೂ ನಡುವೆ ಸಾಲಾಗಿ ಇಡುತ್ತಿದ್ದೆ.

ಬೇಸಿಗೆಯ ಒಂದು ಮಧ್ಯಾಹ್ನ, ಮಲಗಿದ್ದ ಅವ್ವನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಸಾಣಾಪುರಕ್ಕೆ ಹೋಗಿದ್ದೆ. ವಾಪಸು ಬಂದಾಗ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಅರ್ಧ ಸುಟ್ಟ ಪರದೆ ನೀರಲ್ಲಿ ತೊಯ್ದು ಬಿದ್ದಿತ್ತು. ಒಳಗೆ ಅವ್ವ ಕೆಮ್ಮುತ್ತಿದ್ದಳು. ಓನರಮ್ಮ ಪಕ್ಕದಲ್ಲಿ ಕೂತು ಎಡಗೈಯಿಂದ ಅವಳಿಗೆ ನೀರು ಕುಡಿಸುತ್ತಿದ್ದರು. ಬಲಗೈ ಬೊಬ್ಬೆ ಎದ್ದಿತ್ತು. ಇಣುಕಲು ಬಂದವರಿಗೆ ಹೊಗೆ ಕಂಡಿತ್ತು. ಒಳಹೊಕ್ಕು ಉರಿಯುವ ಪರದೆಯನ್ನು ಬರಿಗೈಯಲ್ಲಿ ಕಿತ್ತೆಸೆದಿದ್ದರು.

ನನ್ನ ಬಾಯಿಂದ ಮೊದಲು ಬಂದ ಮಾತು, "ನಿಮ್ಮ ಕಡೆ ಇನ್ನೊಂದು ಕೀಲಿ ಇತ್ತೇನ್ರಿ?"

"ಇತ್ತು. ನಿನ್ನ ಮ್ಯಾಲ ನನಗ ನಂಬಿಕಿ ಇರ್ಲಿಲ್ಲ."

ಒಲೆ ಹಚ್ಚಿರಲಿಲ್ಲ, ಆ ಗೋಡೆಯಲ್ಲಿ ಕರೆಂಟಿನ ವಯರೂ ಇರಲಿಲ್ಲ. ಬೆಂಕಿ ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಅವರ ಅನುಮಾನ ಬಾಟಲಿಗಳ ಮೇಲೆ. ಮರುದಿನ ಅದೇ ಹೊತ್ತಿಗೆ ಒಂದನ್ನು ಮಾಳಿಗೆಯ ಬಿಸಿಲಲ್ಲಿಟ್ಟು, ಹಿಂದೆ ಹಳೇ ಪೇಪರು ಹಿಡಿದರು. ಪೇಪರಿನ ಮೇಲೆ ಒಂದು ಚುಕ್ಕಿ ಬೆಳಕು ಕೂತಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಕಪ್ಪಾಯಿತು, ಹೊಗೆ ಎದ್ದಿತು.

"ಅಂಗಡ್ಯಾಂವನ ಛಪ್ಪರಕ್ಕ ತಗಡ ಐತೋ, ಗರಿ ಐತೋ?"

"ಗರಿ ಐತ್ರಿ."

"ನಡಿ, ಹೋಗಿ ಹೇಳೋಣು."

"ಹೇಳಿದ್ರ ನಾಳೆಯಿಂದ ನನ್ನ ಮಾಲು ತಗೊಳ್ಳೂದಿಲ್ರಿ ಅಮ್ಮಾ."

"ತಗೊಳ್ಳದಿದ್ರ ಬಿಡ್ಲಿ. ಅವನ ಮನ್ಯಾಗೂ ಯಾರರ ಮಲಗಿರ್ತಾರ."

ಕೈಗೆ ಪಟ್ಟಿ ಸುತ್ತಿಕೊಂಡೇ ನನ್ನ ಜೊತೆ ಆಟೋ ಹತ್ತಿದರು. ಅಂಗಡಿಯವನು ಕೇಳಿ ನಕ್ಕ. ಓನರಮ್ಮ ಒಂದು ಗೋಲವನ್ನು ಅವನೆದುರೇ ಬಿಸಿಲಿಗಿಟ್ಟು, ಹಿಂದೆ ಪೇಪರು ಹಿಡಿದರು. ಪೇಪರು ಹೊಗೆಯಾಡಿದ್ದೇ ಅವನ ನಗು ನಿಂತಿತು. ಉಳಿದ ಅಷ್ಟನ್ನೂ ಚೀಲಕ್ಕೆ ತುಂಬಿ ಕೊಟ್ಟ. ಯಾರ್ಯಾರು ಕೊಂಡಿದ್ದರೋ, ಅವನಿಗೆ ಗುರುತು ಸಿಕ್ಕವರಿಗೆಲ್ಲ ಫೋನು ಮಾಡಿಸಿಯೇ ಓನರಮ್ಮ ಅಲ್ಲಿಂದ ಎದ್ದದ್ದು. ದಾರಿಯುದ್ದಕ್ಕೂ ನನಗೆ ಅಳು. ಕೆಲಸ ಮುಗಿಯಿತು ಎಂದುಕೊಂಡೆ.

"ಹಿಂದಿನ ಮೈಗೆ ದಪ್ಪಗ ಬಣ್ಣ ಬಳಿದು ನೋಡು," ಎಂದರು ಅವರು, ರಸ್ತೆ ನೋಡುತ್ತಲೇ. "ಬಿಸಿಲು ಒಳಗ ಹೊಕ್ಕರೂ ಹೊರಗ ಬರಬಾರ್ದು."

ಬಾಟಲಿಯ ಹಿಂಬದಿಗೆ ಆಕಾಶ, ಭತ್ತದ ಗದ್ದೆ, ಬಾಳೆತೋಟ ಬರೆದೆ. ಬೆಟ್ಟಕ್ಕೆ ಊರು ಸಿಕ್ಕಂತಾಯಿತು. ಅಂಗಡಿಯವನು ಮತ್ತೆ ಕರೆದ. ಆನೆಗೊಂದಿಯಿಂದಲೂ ಕೇಳಿ ಬಂದರು. ಆದರೆ ಓನರಮ್ಮ ಬಿಸಿಲಲ್ಲಿಟ್ಟು ಪರೀಕ್ಷೆ ಮಾಡದ ಒಂದು ಗೋಲವೂ ಮನೆ ದಾಟಲಿಲ್ಲ. ಚೆನ್ನಾಗಿದೆ ಎಂದು ಅವರು ಒಮ್ಮೆಯೂ ಹೇಳಿದ್ದಿಲ್ಲ. "ಇವತ್ತಿಗೆ ಸುಟ್ಟಿಲ್ಲ" ಎನ್ನುತ್ತಿದ್ದರು.

ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಕಾರಟಗಿಯಿಂದ ತವರಿನವರು ಬಂದರು. ಓನರಮ್ಮನನ್ನು ಎತ್ತಿ ಹೊರಟಾಗ ಅವ್ವ ಕೋಲು ಕೇಳಿದಳು. ಹಾಸಿಗೆಯಿಂದ ಎದ್ದು ಕೋಲೂರಿ ನಡೆಯತೊಡಗಿದ್ದಳು, ಆದರೂ ಖೋಲಿಯಿಂದ ಅಂಗಳದವರೆಗೆ ನಡೆಯುವುದೇ ಆಗ ಅವಳಿಗೆ ದೊಡ್ಡದು. ಅಂಗಳ ದಾಟಿದಳು. ಬೀದಿಗಿಳಿದಳು. ತಿರುವಿನಲ್ಲಿ ನಾನು ತೋಳು ಹಿಡಿದು, "ಸಾಕು ಬಾ ಅವ್ವಾ, ಬಿದ್ದೀಯ," ಎಂದೆ.

"ಕೈ ಬಿಡು," ಎಂದಳು ಅವ್ವ. "ಇನ್ನೊಂದೀಟು ದೂರ ಕಳ್ಸಿ ಬರ್ತೀನಿ."