ಹಾವೇರಿಗೆ ಹೋಗಲು ಬೇಕಾದ ಗಾಳಿ

ಬ್ಯಾಡಗಿಯಿಂದ ಹಾವೇರಿ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಅಷ್ಟು ದೂರ ಹೋಗಿಬರಲು ನನ್ನ ಗಂಡ ಪಿಕಪ್ ಗಾಡಿಯ ಮೇಲೆ ಒಂದು ಮನೆಯನ್ನೇ ಕಟ್ಟಿಸಿದರು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಓಣಿಯವರೆಲ್ಲ ನಕ್ಕರು. ನಗಲಿ ಪಾಪ. ನನಗೆ ಆ ಇಲಿಯೇ ಬೇಕಾಗಿತ್ತು.

ಹಾವೇರಿಯಲ್ಲಿರುವುದು ನನ್ನ ಅಕ್ಕ. ಎರಡು ವರ್ಷದಿಂದ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಜಗಳವೇನೂ ಇಲ್ಲ, ಜಗಳವನ್ನು ದಿನಾ ಫೋನಿನಲ್ಲೇ ಮಾಡಿ ಮುಗಿಸುತ್ತಿದ್ದೆವು. ನನ್ನ ಬೆನ್ನಿನ ಮಣಿ ಜರುಗಿತ್ತು. ಮಲಗಬಹುದು, ನಿಲ್ಲಬಹುದು, ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಬಹುದು, ಆದರೆ ಕೂರುವಂತಿಲ್ಲ, ಕುಲುಕು ತಾಗುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ತಾವು ತಿರುಗುವ ಕುರ್ಚಿಯಲ್ಲಿ ಆರಾಮಾಗಿ ಕೂತು ಹೇಳಿದರು. ಅಕ್ಕನದು ಮೊಣಕಾಲು. ಬಸ್ಸಿನ ಮೆಟ್ಟಿಲು ಹತ್ತಲಾರಳು, ರೈಲಿನದು ಅದಕ್ಕಿಂತ ಎತ್ತರ. ಕಾರು ಮಾಡಿಕೊಂಡು ಬಾ ಎಂದರೆ, ಚಿಕ್ಕಂದಿನಿಂದಲೂ ಅವಳಿಗೆ ಕಾರಿನ ಬಾಗಿಲು ಹಾಕಿದ ಕೂಡಲೇ ವಾಂತಿ. ನನ್ನನ್ನು ಒಮ್ಮೆ ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿದ್ದರು. ಮೋಟೆಬೆನ್ನೂರು ಮುಟ್ಟುವುದರೊಳಗೆ ನಾನು ಕೂಗಿದ ಕೂಗಿಗೆ ಹೆದರಿ ಡ್ರೈವರ್ ಗಾಡಿ ತಿರುಗಿಸಿಬಿಟ್ಟ. ಆಂಬುಲೆನ್ಸ್ ಕರೆಸೋಣವೆಂದರೆ, ಅದು ಬಾಗಿಲಿಗೆ ಬಂದು ನಿಂತದ್ದು ನೋಡಿ ಅಕ್ಕನ ಓಣಿಯವರು ಹೂವಿನ ಹಾರ ಹಿಡಿದುಕೊಂಡೇ ಬಂದಾರು.

ವಿಡಿಯೋ ಕಾಲ್ ಇದೆಯಲ್ಲ ಎಂದು ಬುದ್ಧಿ ಹೇಳುವವರೂ ಇದ್ದರು. ಅಕ್ಕ ವಿಡಿಯೋದಲ್ಲಿ ತೋರಿಸುವುದು ಅರ್ಧ ಹಣೆ ಮತ್ತು ಮೇಲೆ ತಿರುಗುವ ಫ್ಯಾನು. ಆ ಫ್ಯಾನಿನ ಜೊತೆ ಮಾತಾಡಿ ಮಾತಾಡಿ ನನಗೆ ಸಾಕಾಗಿತ್ತು. ದೇವರಗುಡ್ಡಕ್ಕೆ ಹರಕೆ ಹೊರು ಎಂದು ಪಕ್ಕದ ಮನೆಯಾಕೆ ಹೇಳಿದಳು. ಆ ದೇವರೋ ಗುಡ್ಡ ಹತ್ತಿ ಕೂತಿದ್ದಾನೆ. ಹರಕೆ ತೀರಿಸಲು ಯಾರು ಹತ್ತಬೇಕು. ನನಗೆ ಅಕ್ಕನನ್ನು ನೋಡಬೇಕಾಗಿತ್ತು, ಅಷ್ಟೇ.

ನನ್ನ ಗಂಡ ಮೆಣಸಿನಕಾಯಿ ದಲಾಲಿ ಮಾಡಿದವರು. ಜೀವಮಾನವೆಲ್ಲ ಮಾರ್ಕೆಟ್ಟಿನಲ್ಲಿ ಕಳೆದು, ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ನನ್ನ ಅಡಿಗೆಯಲ್ಲಿ ತಪ್ಪು ಹುಡುಕುವ ಹೊಸ ಉದ್ಯೋಗ ಹಿಡಿದಿದ್ದರು. ಒಂದು ದಿನ ಫೋನಿನಲ್ಲಿ ಅದೇನೋ ನೋಡುತ್ತ, "ಗಾಡಿ ಮ್ಯಾಲ ಮನಿ ಕಟ್ಟಿಕೊಂಡು ದೇಶ ತಿರುಗತಾರ ನೋಡ ಮಂದಿ. ನಾವೂ ಕಾಶಿಗೆ ಹೋಗೂಣೇನ?" ಎಂದರು.

"ಮೊದಲ ಹಾವೇರಿಗೆ ಹೋಗೂಣ್ರಿ," ಎಂದೆ.

"ಹಾವೇರಿಗೆ ಹೋಗಾಕ ಮನಿ ಯಾಕ ಬೇಕ?"

"ಮಲಕೊಂಡು ಹೋಗಾಕ."

ಮರುದಿನ ಅವರು ಅಳತೆಯ ಟೇಪು ತಂದು, ಮಲಗಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಬಾಗಿಲಲ್ಲಿ ನಿಂತು ನೋಡಿದ ಪಕ್ಕದ ಮನೆಯಾಕೆಗೆ ಎದೆ ಧಸಕ್ಕೆಂದಿತಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಾಲು ಇದ್ದಷ್ಟು ಹಾಸಿಗೆ ಮಾಡಿಸಲು ಹೊರಟರು.

ಅಂಗಡಿಯ ಹಳೆಯ ಪಿಕಪ್ ರಾಣೇಬೆನ್ನೂರಿಗೆ, ಗಾಡಿಗಳಿಗೆ ಬಾಡಿ ಕಟ್ಟುವವರ ಹತ್ತಿರ ಹೋಯಿತು. ಇಂಥದಕ್ಕೆ ಕ್ಯಾಂಪರ್ ಎನ್ನುತ್ತಾರಂತೆ. ನಮ್ಮ ಓಣಿಯವರು ಡಬ್ಬಿ ಎಂದರು, ಅದೇ ಹೆಸರು ಉಳಿಯಿತು. ಡಬ್ಬಿಯೊಳಗೆ ನನ್ನ ಮಂಚ, ಅದರ ಕೆಳಗೆ ನೀರಿನ ಟಾಕಿ, ಒಂದು ಕಬ್ಬಿಣದ ಕಪಾಟು, ಗೋಡೆಗೆ ದೇವರ ಗೂಡು, ಒಲೆ ಇಡಲು ದಪ್ಪ ಕಡಪಾ ಕಲ್ಲು. ಮನೆಯೆಂದ ಮೇಲೆ ಕಡಪಾ ಕಲ್ಲಿಲ್ಲದೆ ಹೇಗೆ. ಇಲ್ಲೊಂದು ಮಾತು ಹೇಳಬೇಕು: ಒಣ ಮೆಣಸಿನಕಾಯಿ ವ್ಯಾಪಾರದವರಿಗೆ ಭಾರವೆಂದರೆ ಏನೆಂದೇ ಗೊತ್ತಿಲ್ಲ. ಅವರ ಚೀಲಗಳು ಗಾಡಿ ತುಂಬಿ, ಮೇಲಕ್ಕೇರಿ, ಕರೆಂಟಿನ ತಂತಿಗೆ ತಾಗುವಂತಾದರೂ ಗಾಡಿ ಜಗ್ಗುವುದಿಲ್ಲ. ಜಾಗ ಮುಗಿಯುವವರೆಗೆ ಹೇರುವುದೊಂದೇ ಅವರಿಗೆ ಗೊತ್ತಿರುವ ಲೆಕ್ಕ. ಡಬ್ಬಿಯಲ್ಲೂ ಜಾಗ ಮುಗಿಯುವವರೆಗೆ ಹೇರಿದರು.

ಹೀಗಾಗಿ ಅದು ಮನೆಗೆ ಬಂದ ದಿನ ಮೂಗು ಆಕಾಶ ನೋಡುತ್ತಿತ್ತು, ಹಿಂಭಾಗ ನೆಲ ಹಿಡಿದಿತ್ತು. ಓಣಿಯ ಹಂಪ್ ದಾಟುವಾಗ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಪೂರ್ತಿ ಕುಗ್ಗಿ ಚಾಸಿಗೆ ಕುಕ್ಕಿದ ಸದ್ದು ಒಳಮನೆಯಲ್ಲಿ ಮಲಗಿದ್ದ ನನಗೂ ಕೇಳಿಸಿತು. ಕಿಟಕಿಯಿಂದ ನೋಡಿ, "ಈಯಾಕ ಕುಂತ ಎಮ್ಮಿ ಕಂಡಂಗ ಕಾಣತೈತ್ರಿ," ಎಂದೆ. ಸಂಜೆಯವರೆಗೆ ಅವರು ನನ್ನ ಜೊತೆ ಮಾತು ಬಿಟ್ಟರು. ನನಗೂ ಸಿಟ್ಟು ಬಂದಿತ್ತು. ಆ ಡಬ್ಬಿಯಲ್ಲಿ ಮಲಗಿ ಹೊರಟರೆ ನನ್ನ ಬೆನ್ನು ಚಟ್ನಿಯಾಗಿ ಹಾವೇರಿ ಮುಟ್ಟುತ್ತಿತ್ತು.

ಮತ್ತೆ ಫೋನಿನಲ್ಲಿ ಹುಡುಕಾಟ ನಡೆಯಿತು. ಇಂಥ ಗಾಡಿಗಳ ಹಿಂದಿನ ಗಾಲಿಗಳ ಹತ್ತಿರ ರಬ್ಬರಿನ ಗಾಳಿ ಚೀಲ ಹಾಕುತ್ತಾರೆ, ಗಾಳಿ ತುಂಬಿದರೆ ಕುಗ್ಗಿದ ಹಿಂಭಾಗ ಏಳುತ್ತದೆ ಎಂದು ತಿಳಿಯಿತು. ಎಲ್ಲಿಂದಲೋ ಅವನ್ನು ತರಿಸಿಕೊಂಡು ಪುನಃ ರಾಣೇಬೆನ್ನೂರಿಗೆ ಹೋದರು. ಹೈವೇ ಬದಿಯ ಗ್ಯಾರೇಜಿನವನು ದೊಡ್ಡ ಬಸ್ಸುಗಳ ಗಾಳಿ ಚೀಲ ರಿಪೇರಿ ಮಾಡಿ ಹೆಸರು ಮಾಡಿದವನಂತೆ. ಹೆಸರು ಮಾಡಿದ್ದನ್ನು ಅವನೇ ಹೇಳಿದ್ದು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ನನ್ನ ಗಂಡ, ತಮ್ಮ ಮರ್ಯಾದೆಗೆ ಬೇಕಾದಷ್ಟು ಬಿಟ್ಟು.

"ಯಜಮಾನ್ರ, ಇದು ಗಾಡಿನೋ ಸ್ವಂತ ಮನಿನೋ?" ಎಂದನಂತೆ ಅವನು. "ಗಾಳಿ ಚೀಲ ಭಾರ ಹೊರಂಗಿಲ್ಲರಿ, ಗಾಡಿ ಸೊಂಟ ಅಷ್ಟ ಹಿಡೀತಾವು. ಮೊದಲ ಆ ಕಲ್ಲು ಇಳಸ್ರಿ."

ಕಲ್ಲು ಇಳಿಯಿತು, ಕಪಾಟು ಇಳಿಯಿತು. ಆ ಕಲ್ಲಿನ ಮೇಲೆ ಈಗ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾರೆ. ದೇವರನ್ನು ಮಾತ್ರ ಡಬ್ಬಿಯಲ್ಲೇ ಬಿಟ್ಟರು. ಆತನ ಭಾರ ಏನೂ ಇಲ್ಲವಲ್ಲ. ಹಿಂದಿನ ಗಾಲಿ ಬಿಚ್ಚಿ, ಆಕ್ಸೆಲ್ಲಿಗೂ ಚಾಸಿಗೂ ನಡುವೆ ಆ ಕಡೆ ಒಂದು ಈ ಕಡೆ ಒಂದು ಚೀಲ ಕೂರಿಸಿ, ಅವುಗಳ ಸಣ್ಣ ನಳಿಕೆಗಳನ್ನು ನಂಬರ್ ಪ್ಲೇಟಿನ ಹತ್ತಿರ ತಂದು ಬಿಟ್ಟರು. ಗಾಳಿ ಹಾಕುವುದೂ ತೆಗೆಯುವುದೂ ಅಲ್ಲಿಯೇ, ಟ್ಯೂಬಿಗೆ ಹಾಕಿದ ಹಾಗೆ. ಎಷ್ಟು ಗಾಳಿ ಇರಬೇಕು ಎಂದು ಇವರು ಕೇಳಿದರು.

"ಅದು ನಿಮ್ಮ ಭಾರದ ಮ್ಯಾಲರಿ. ಜಾಸ್ತಿ ಹಾಕಿದ್ರ ಕುಣೀತೈತಿ, ಕಡಿಮಿ ಹಾಕಿದ್ರ ಕುಕ್ಕತೈತಿ. ಓಡಿಸಿ ನೋಡ್ರಿ, ಒಳಗ ಮಲಗಿದವರ್ನ ಕೇಳ್ರಿ."

ಒಳಗೆ ಮಲಗಬೇಕಾದವಳನ್ನು ಪ್ರಯೋಗಕ್ಕೆ ಒಡ್ಡುವ ಹಾಗಿಲ್ಲ. ಒಂದು ಕುಲುಕು ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಮಂಚ. ಆಗ ಇವರಿಗೆ ತಮ್ಮ ಮೆಣಸಿನಕಾಯಿ ನೆನಪಾಯಿತು. ಚೆನ್ನಾಗಿ ಒಣಗಿದ ಬ್ಯಾಡಗಿ ಕಾಯಿ ಕುಲುಕು ತಡೆಯುವುದಿಲ್ಲ; ಸಿಪ್ಪೆ ಬಿರಿದು ಬೀಜ ಉದುರುತ್ತದೆ. ಚೀಲದ ತಳದಲ್ಲಿ ಬಿದ್ದ ಬೀಜ ನೋಡಿ, ಮಾಲು ಯಾವ ರಸ್ತೆಯಿಂದ ಬಂದಿದೆ ಎಂದು ಹೇಳಬಲ್ಲವರು ಇವರು. ಬೆಳಿಗ್ಗೆ ನನ್ನ ಮಂಚದ ಮೇಲೆ ಬಿಳಿ ಧೋತರ ಹಾಸಿ, ಅದರ ಮೇಲೆ ಸಡಿಲ ಹೆಣಿಗೆಯ ಚೀಲದಲ್ಲಿ ಹೊಸ ಕಾಯಿ ತುಂಬಿ ಮಲಗಿಸಿ, ಮೋಟೆಬೆನ್ನೂರಿನವರೆಗೆ ಹೋಗಿ ಬರುತ್ತಿದ್ದರು. ಬಂದು ಚೀಲ ಎತ್ತಿ, ಧೋತರದ ಮೇಲಿನ ಬೀಜ ಅಂಗೈಗೆ ಬಳಿದುಕೊಂಡು ನನಗೆ ತಂದು ತೋರಿಸುತ್ತಿದ್ದರು.

"ನಿನ್ನಿಗಿಂತ ಜಾಸ್ತಿ. ಎಡಗಡೆ ಗಾಳಿ ಹೆಚ್ಚಾಗೇತಿ."

ಕಾಲಿನಿಂದ ಒತ್ತುವ ಪಂಪು ಹಿಡಿದು ಹಾಕುವುದು, ತೆಗೆಯುವುದು, ಮರುದಿನ ಮತ್ತೆ ಹೊರಡುವುದು. ಮೆಣಸಿನಕಾಯಿಗೆ ಊರು ತೋರಿಸಲು ಹೊರಟಿರೇನು ಎಂದು ಓಣಿಯವರು ಕೇಳುತ್ತಿದ್ದರು. ನನಗಂತೂ ಹೊಟ್ಟೆಕಿಚ್ಚು. ನಾನು ಚಾವಣಿ ನೋಡುತ್ತ ಬಿದ್ದಿದ್ದರೆ, ನನ್ನ ಮಂಚದ ಮೇಲೆ ಕಾಲು ಚಾಚಿ ಮಲಗಿ ಹೈವೇಯ ಗಾಳಿ ಕುಡಿಯುತ್ತಿದ್ದದ್ದು ಮೆಣಸಿನಕಾಯಿ ಚೀಲ.

ಒಂದು ದಿನ ನಿಧಾನಕ್ಕೆ ನಡೆದು ಕಟ್ಟೆಯವರೆಗೆ ಹೋಗಿ ಡಬ್ಬಿಯೊಳಗೆ ಇಣುಕಿದೆ. ಚೀಲ ಮಂಚದ ನಡುವಿನಲ್ಲಿರಲಿಲ್ಲ. ಸೊಂಟದಿಂದ ಸ್ವಲ್ಪ ಮೇಲೆ, ಬಲಕ್ಕೆ ಸರಿಸಿ ಇಟ್ಟಿದ್ದರು. ನನಗೆ ನೋಯುವುದು ಸರಿಯಾಗಿ ಅಲ್ಲಿಯೇ. ಎಲ್ಲಿ ನೋಯುತ್ತದೆ ಎಂದು ಈ ಮನುಷ್ಯ ಎರಡು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಕೇಳಿರಲಿಲ್ಲ. ಆ ದಿನ ಅವರು ಸಾರಿಗೆ ಉಪ್ಪು ಕಡಿಮೆ ಎಂದಾಗ ನಾನು ಎದುರು ಮಾತಾಡಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅಂಗೈಯಲ್ಲಿ ಒಂದು ಚಿಟಿಕೆ ಬೀಜ ಹಿಡಿದು ಬಂದರು. "ನಡಿ, ಸೀರಿ ಉಟಗೋ," ಎಂದರು.

ಗಾಳಿ ತುಂಬಿದ ಮೇಲೆ ಡಬ್ಬಿಯ ಹಿಂಬಾಗಿಲು ನಮ್ಮ ಮನೆಯ ಕಟ್ಟೆಗೆ ಸಮನಾಗಿ ನಿಂತಿತ್ತು. ಹೊಸಿಲು ದಾಟಿದ ಹಾಗೆ ದಾಟಿ ಮಂಚಕ್ಕೆ ಒರಗಿದೆ. ಗಾಡಿ ಹೊರಟಿತು. ಹಂಪ್ ಬಂತು, ಹೋಯಿತು, ತೊಟ್ಟಿಲು ತೂಗಿದಷ್ಟೇ. ಬೆನ್ನು ಸುಮ್ಮನಿತ್ತು. ಆದರೆ ದಿನಾ ಮೆಣಸಿನಕಾಯಿ ಮಲಗಿದ್ದ ಹಾಸಿಗೆಯಲ್ಲವೇ. ಮೂಗಿಗೆ ಘಾಟು ಏರಿತು. ಇವರಿಗೆ ಮಾರ್ಕೆಟ್ಟಿನ ಧೂಳಿನಲ್ಲಿ ಮೂಗು ಎಂದೋ ಸತ್ತುಹೋಗಿದೆ, ಗೊತ್ತೇ ಆಗಿಲ್ಲ. ರಸ್ತೆ ಕೊಡದ ಏಟನ್ನು ಸೀನು ಕೊಟ್ಟಿತು. ಕಿಟಕಿ ಪೂರ್ತಿ ತೆಗೆದು, ಸೀನುತ್ತ, ಗಂಡನನ್ನೂ ಅವರ ಇಡೀ ಮಾರ್ಕೆಟ್ಟನ್ನೂ ಬೈಯುತ್ತ ಹಾವೇರಿ ಮುಟ್ಟಿದೆ. ಅಕ್ಕನ ಓಣಿಯ ಬಾಯಲ್ಲಿರುವ ಪಂಕ್ಚರ್ ಅಂಗಡಿ ಕಿಟಕಿಯಲ್ಲಿ ಕಂಡಾಗ ಮಾತ್ರ ಬಾಯಿ ನಿಂತಿತು.

ಗಾಡಿ ನಿಂತಿತು. ಇವರು ಬಾಗಿಲು ತೆಗೆದರು. ಕೆಳಗೆ ರಸ್ತೆಯಲ್ಲಿ ಅಕ್ಕ ಕೋಲು ಹಿಡಿದು ನಿಂತಿದ್ದಳು.

ಗಾಳಿ ತುಂಬಿ ನಮ್ಮ ಕಟ್ಟೆಯ ಎತ್ತರಕ್ಕೆ ನಿಂತ ಡಬ್ಬಿ ಇದು. ಅಕ್ಕನ ಮನೆಗೆ ಕಟ್ಟೆಯೇ ಇಲ್ಲ. ಗಟಾರ ಅಗಲ ಮಾಡುವಾಗ ಒಡೆದು ಹಾಕಿದ್ದರು. ಇಲೆಕ್ಷನ್ನಿಗೆ ನಿಂತವಳ ಹಾಗೆ ನಾನು ಮೇಲೆ, ಮತದಾರಳ ಹಾಗೆ ಅಕ್ಕ ಕೆಳಗೆ. ನನ್ನ ಬೆನ್ನು ಇಳಿಯಲಾರದು, ಅವಳ ಮೊಣಕಾಲು ಏರಲಾರದು. ಅಕ್ಕ ಒಳಗಿನಿಂದ ರೊಟ್ಟಿ ಬಡಿಯುವಾಗ ಕೂರುವ ಮಣೆ ತರಿಸಿ ಹಾಕಿಸಿ, ಒಂದು ಕಾಲು ಎತ್ತಿ ನೋಡಿದಳು. ಅಂಗೈ ಅಗಲದಷ್ಟು ಕಡಿಮೆ ಬಿತ್ತು. ಕುರ್ಚಿಯಲ್ಲಿ ಹೊತ್ತು ಇಳಿಸುತ್ತೇವೆ ಎಂದು ಓಣಿಯ ಗಂಡಸರು ಮುಂದೆ ಬಂದರು.

"ನನ್ನ ಹೊರೂದಿದ್ರ ಸತ್ತ ಮ್ಯಾಲ ಹೊರ್ರಿ," ಎಂದೆ. ಕೂರಲು ಬರದವಳನ್ನು ಕುರ್ಚಿಯಲ್ಲಿ ಹೊರುತ್ತಾರಂತೆ. ಇಷ್ಟು ದೂರ ಬಂದು, ಅವಳ ಕೈಗೆ ನನ್ನ ಕೈ ತಾಗದೆ ತಿರುಗಿ ಹೋಗಬೇಕಲ್ಲ ಎಂದು ನನಗೆ ಎದೆ ಒಡೆಯಿತು.

ಇವರು ಗಾಡಿಯ ಹಿಂದೆ ಬಂದು, ನಂಬರ್ ಪ್ಲೇಟಿನ ಹತ್ತಿರ ಬಗ್ಗಿ, ನಳಿಕೆಯ ಮುಚ್ಚಳ ತಿರುಗಿಸಿ, ಬೆರಳಿನಿಂದ ಒತ್ತಿ ಹಿಡಿದರು. ಒಂದೊಂದು ಬೀಜ ನೋಡಿ ತುಂಬಿದ ಗಾಳಿ ಬುಸ್ಸೆಂದು ಹೊರಗೆ ಹೋಯಿತು. ಎಡಗಡೆ ಮುಗಿದ ಮೇಲೆ ಬಲಗಡೆ. ಡಬ್ಬಿ ಮೆಲ್ಲಗೆ, ನನ್ನನ್ನು ಹೊತ್ತುಕೊಂಡೇ, ಕೆಳಗೆ ಕೂತಿತು. ಈಯಲು ಕೂತ ಎಮ್ಮೆಯ ಹಾಗೆಯೇ. ಈ ಸಲ ನಾನು ಹಾಗೆ ಅನ್ನಲಿಲ್ಲ.

"ಈಗ ಏರ್ರಿ ಅಕ್ಕಾರ," ಎಂದರು.

ಅಕ್ಕ ಮಣೆಯ ಮೇಲೆ ಕಾಲಿಟ್ಟು, ಇವರ ಹೆಗಲು ಹಿಡಿದು, ನನ್ನ ಕೈ ಹಿಡಿದು ಒಳಗೆ ಬಂದಳು. ನಾನು ಮಲಗಿದೆ, ಅವಳು ಪಕ್ಕದಲ್ಲಿ ಕೂತಳು. ಹಣೆಯ ಕೆಳಗಿನ ಅಕ್ಕನನ್ನು ಎರಡು ವರ್ಷದ ಮೇಲೆ ನೋಡಿದೆ. ಗಲ್ಲ ಇಳಿದಿದ್ದವು. ಅವಳು ಒಂದು ಸಲ ಸೀನಿ, "ಏನ ಇದು, ಖಾರದ ಗಿರಣಿಯೊಳಗ ಸಂಸಾರ ಹೂಡಿಯೇನ?" ಎಂದು ಕಣ್ಣು ಒರೆಸಿಕೊಂಡಳು. ನನ್ನ ಕೈ ಮಾತ್ರ ಬಿಡಲಿಲ್ಲ.

ಹೊತ್ತು ಹೋದದ್ದು ತಿಳಿಯಲಿಲ್ಲ. ಇವರು ಬಾಗಿಲಿಗೆ ಬಂದು, "ಗಾಳಿ ಇಲ್ಲದ ತಿರುಗಿ ಹೋಗಾಕ ಬರಂಗಿಲ್ಲ. ಪಂಪ್ ಬ್ಯಾಡಗ್ಯಾಗ ಉಳೀತು," ಎಂದರು.

"ಓಣಿ ಬಾಯಾಗ ಪಂಕ್ಚರ್ ಅಂಗಡಿ ಐತೆಲ್ಲರಿ," ಎಂದಳು ಅಕ್ಕ, ಸಣ್ಣ ದನಿಯಲ್ಲಿ.

"ಹೌದ್ರಿ. ಅಲ್ಲಿಗೇ ಹೊಂಟೇನಿ."

ಕಿಟಕಿಯಿಂದ ನಾನು ನೋಡುತ್ತಿದ್ದೆ. ಪಂಕ್ಚರ್ ಅಂಗಡಿ ಇದ್ದದ್ದು ಬಲಕ್ಕೆ. ಇವರು ಎರಡೂ ಕೈ ಹಿಂದೆ ಕಟ್ಟಿಕೊಂಡು ಎಡಕ್ಕೆ ನಡೆದರು.