ಅವ್ವನ ಕೈಯಲ್ಲಿ ನನ್ನ ಹಳೆಯ ಕೋಡ್

ಗೆಳೆಯರೇ, ರೋಗಿಗೆ ಔಷಧ ಹನಿಸುವ ಯಂತ್ರಕ್ಕೆ ಹಿಂದೆ ನಾನೇ ಸಿ ಭಾಷೆಯಲ್ಲಿ ಬರೆದ ಕೋಡನ್ನು ಇವತ್ತು ಆಫೀಸಿನಲ್ಲಿ ರಸ್ಟ್ ಭಾಷೆಗೆ ಬದಲಾಯಿಸುತ್ತಿದ್ದೆ. ಕೋಡನ್ನು ಪರಿಶೀಲಿಸುವ ಕಂಪೈಲರ್ ಒಪ್ಪಲಿಲ್ಲ. ಔಷಧದ ಪ್ರಮಾಣವನ್ನು ಕೋಡಿನ ಎರಡು ಕಡೆಯಿಂದ ಒಂದೇ ಸಲ ತಿದ್ದಿ ತಪ್ಪಾಗಿಸುವ ಅಪಾಯವಿದೆ ಎಂದಿತು. ಹಳೆಯ ಭಾಷೆ ಇದನ್ನು ಎಂದೂ ಹೇಳಿರಲಿಲ್ಲ.

"ಇಷ್ಟು ವರ್ಷ ನಡೆದಿದೆಯಲ್ಲ, ಟೆನ್ಷನ್ ನಕ್ಕೋ, ಬಿಟ್ಟುಬಿಡು," ಎಂದರು ಮ್ಯಾನೇಜರ್.

ಅದೇ ಮಾದರಿಯ ಯಂತ್ರ ಹಿಮಾಯತ್‌ನಗರದ ಆಸ್ಪತ್ರೆಯಲ್ಲಿ ಮಲಗಿದ್ದ ಅವ್ವನ ಕೈಗಿತ್ತು. ನಾನು ಅಲ್ಲಿಗೆ ಓಡಿದೆ.

"ಮಷೀನು ನಿಮ್ಮ ಕಂಪನಿದಂತ. ಅದಕ್ಕ ನನಗ ಚಿಂತಿಲ್ಲ," ಎಂದಳು ಅವ್ವ.

ಕಾರಣ ಹೇಳಲು ಹೆದರಿ, ಯಂತ್ರ ಬದಲಿಸಿ ಎಂದಷ್ಟೇ ಬೀದರಿನ ನರ್ಸನ್ನು ಬೇಡಿಕೊಂಡೆ. ಬೇರೆ ಕಂಪನಿಯದನ್ನು ಹಾಕಿದರು. ತೆಗೆದದ್ದನ್ನು ಪಕ್ಕದ ಹಾಸಿಗೆಯ ಅಜ್ಜನತ್ತ ತಳ್ಳಿಕೊಂಡು ಹೊರಟರು. ಆಗ ಎಲ್ಲ ಹೇಳಿಬಿಟ್ಟೆ.

ನರ್ಸ್ ಸುತ್ತ ನೋಡಿದರು. "ವಾರ್ಡಿನ್ಯಾಗ ಇಂಥವು ಇನ್ನೂ ಆರು ಅದಾವ್ರಿ. ಮೊದಲ ಯಾರದು ತೆಗೀಲಿ?"