ಮಹದೇವ ಬಚ್ಚಿಟ್ಟ ಸಂಖ್ಯೆ

ಯಾರಾದರೂ ತಮಗೆ ಮುಂಚೆಯೇ ಗೊತ್ತಾಗಿತ್ತು, ಕನಸಿನಲ್ಲಿ ಕಂಡಿತ್ತು ಎಂದರೆ ನಾನು ಎದುರಿಗೇ ನಗುತ್ತಿದ್ದವನು. ಪಕ್ಕಾ ಲೆಕ್ಕದ ಮನುಷ್ಯ ಎಂಬ ಜಂಬ ಬೇರೆ. ಈಗ ಅಂಥ ಮಾತು ಶುರುವಾದರೆ ಮೆಲ್ಲಗೆ ಎದ್ದು ಹೋಗುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ನಾನೂ ಮಹದೇವನೂ ಮೈಸೂರಿನಲ್ಲಿ ಒಬ್ಬರೇ ಗೈಡ್ ಹತ್ತಿರ ಪಿಎಚ್‌ಡಿ ಮಾಡುತ್ತಿದ್ದೆವು. ದೂರದ ಗ್ಯಾಲಕ್ಸಿಗಳ ಬೆಳಕು ನಮ್ಮ ಕಡೆ ಬರುವಾಗ ದಾರಿಯಲ್ಲಿರುವ ಭಾರೀ ದ್ರವ್ಯರಾಶಿ ಅದನ್ನು ಬಾಗಿಸುತ್ತದೆ. ಅವುಗಳ ಆಕಾರವನ್ನು ಯಾರೋ ಒಂದು ಕಡೆಗೆ ಚೂರು ಎಳೆದಂತೆ ಕಾಣುತ್ತದೆ. ಆ ಎಳೆತ ಎಷ್ಟೆಂದು ಅಳೆಯಲು ನಾನೊಂದು ಪ್ರೋಗ್ರಾಂ ಬರೆದಿದ್ದೆ. ಅದನ್ನು ನಂಬಬಹುದೋ ಇಲ್ಲವೋ ನೋಡಲು ಮಹದೇವ ಕಂಪ್ಯೂಟರಿನಲ್ಲಿ ನಕಲಿ ಆಕಾಶ ಮಾಡಿ, ಇಂತಿಷ್ಟು ಎಂದು ಎಳೆತ ಸೇರಿಸಿ, ಆ ಸಂಖ್ಯೆಯನ್ನು ಬಚ್ಚಿಟ್ಟು ಚಿತ್ರ ಮಾತ್ರ ಕೊಡುತ್ತಿದ್ದ. ಅಳೆಯುವವನಿಗೆ ಉತ್ತರ ಗೊತ್ತಿರಬಾರದು. ಗೊತ್ತಿದ್ದರೆ ತನಗರಿವಿಲ್ಲದೆಯೇ ಪ್ರೋಗ್ರಾಮನ್ನು ಆ ಕಡೆಗೆ ತಿರುಗಿಸಿಬಿಡುತ್ತಾನೆ. ನನ್ನ ವರ್ಷಗಳ ಕೆಲಸವೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿತ್ತು.

ಒಂದು ಭಾನುವಾರ ಮಧ್ಯಾಹ್ನ ಲಷ್ಕರ್ ಮೊಹಲ್ಲಾದ ಅವನ ಮನೆಯಲ್ಲಿ ಹೊಸ ಚಿತ್ರ ಹಾಕಿ ಕೂತಿದ್ದೆವು. ಸಂಖ್ಯೆಯನ್ನು ಈ ಸಲ ಅವನೂ ನೋಡಿರಲಿಲ್ಲ, ಕಂಪ್ಯೂಟರೇ ಆರಿಸಿ ಫೈಲಿನಲ್ಲಿ ಇಟ್ಟಿತ್ತು. ಅವನು ಒಳಗೆ ಹೋಗಿ ಕಾಫಿ ತಂದ. ಲೋಟ ಕೊಡುತ್ತಾ, ಎಷ್ಟು ಬರಬಹುದು ಹೇಳು ನೋಡೋಣ ಎಂದು ತಮಾಷೆಗೆ ಕೇಳಿದ. ನಾನು ಯೋಚಿಸಲೇ ಇಲ್ಲ. ಮನೆಯ ಫೋನ್ ನಂಬರ್ ಹೇಳಿದಷ್ಟು ಸಲೀಸಾಗಿ ಅಂಕಿಗಳು ಒಂದರ ಹಿಂದೊಂದು ಬಾಯಿಂದ ಬಂದವು. ಅವನು ನಗುತ್ತಲೇ ಬರೆದುಕೊಂಡ.

ಪ್ರೋಗ್ರಾಂ ತನ್ನ ಉತ್ತರ ಕೊಟ್ಟಿತು. ಆಮೇಲೆ ಮಹದೇವ ಫೈಲ್ ತೆರೆದ. ಪ್ರೋಗ್ರಾಮಿನ ಉತ್ತರ ಎಂದಿನಂತೆ ಹತ್ತಿರ ಬಂದಿತ್ತು, ಅಷ್ಟೆ. ಫೈಲಿನಲ್ಲಿದ್ದದ್ದು ನಾನು ಹೇಳಿದ ಸಂಖ್ಯೆ. ಕೊನೆಯ ಅಂಕಿಯವರೆಗೂ ಅದೇ.

ಅವನ ನಗು ನಿಂತಿತು. "ನಾನು ಕಾಫಿ ತರೋಕೆ ಹೋದಾಗ ನೋಡ್ಬುಟ್ಯಾ?"

"ಇಲ್ಲ ಕಣೋ, ಕೀಬೋರ್ಡ್ ಮುಟ್ಟೇ ಇಲ್ಲ."

"ಸರಿ ಬುಡು," ಎಂದ. ಕಾಫಿ ಮುಗಿಸಿ ಲೋಟ ಕೆಳಗಿಟ್ಟ ಮೇಲೆ, "ಆದ್ರೆ ಇನ್ಮೇಲೆ ನಿನ್ನ ಉತ್ತರ ನಾನೆಂಗೆ ನಂಬ್ಲಿ ಹೇಳು?" ಎಂದ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಕದ್ದವನಾದರೆ ಕದ್ದೆ ಎಂದು ಒಪ್ಪಿಕೊಂಡು ಹಗುರಾಗಬಹುದು. ನನಗೆ ಆ ದಾರಿಯೂ ಇರಲಿಲ್ಲ. ಮಹದೇವ ಗೈಡ್‌ಗೆ ಹೇಳದೆ ಇರುವ ಹಾಗಿರಲಿಲ್ಲ. ಅವರು ಹಿಂದಿನ ಪರೀಕ್ಷೆಗಳನ್ನೆಲ್ಲ ಬೇರೊಬ್ಬರ ಕೈಯಲ್ಲಿ ಮತ್ತೆ ಮಾಡಿಸಿದರು. ಪ್ರೋಗ್ರಾಂ ಪಾಸಾಯಿತು. ಅದನ್ನು ಓಡಿಸುವ ಕೆಲಸ ಮಾತ್ರ ನನ್ನ ಕೈಗೆ ಮತ್ತೆ ಬರಲಿಲ್ಲ. ರಾಮಕೃಷ್ಣನಗರದ ನನ್ನ ಕೋಣೆಯಲ್ಲಿ ಒಬ್ಬನೇ ಕೂತು ಎಷ್ಟೋ ಸಲ ಬಚ್ಚಿಟ್ಟ ಸಂಖ್ಯೆಯನ್ನು ಹಾಗೆಯೇ ಹೇಳಲು ನೋಡಿದೆ, ಒಂದಾದರೂ ತಾಳೆಯಾಗಲಿಲ್ಲ. ಅವತ್ತು ಫೈಲ್ ನೋಡಿಯೂ ಮರೆತುಬಿಟ್ಟೆನೇ ಎಂದು ನನ್ನನ್ನೇ ಅನುಮಾನಿಸಿದ್ದೂ ಉಂಟು. ಆ ಸಂಖ್ಯೆ ಎಲ್ಲಿಂದ ಬಂತೋ, ದೇವರಾಣೆಗೂ ಗೊತ್ತಿಲ್ಲ.

ಮಹದೇವ ಈಗಲೂ ನನ್ನ ಸ್ನೇಹಿತ. ಆ ಮಾತನ್ನು ಮತ್ತೆ ಎತ್ತಿಲ್ಲ. ಆದರೆ ನಾನು ಅವನ ಕೋಣೆಗೆ ಕಾಲಿಟ್ಟರೆ, ಬಾರೋ ಕೂತ್ಕೋ ಎನ್ನುತ್ತಲೇ, ಅವನ ಕೈ ತಾನಾಗಿ ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆ ತಿರುಗಿಸುತ್ತದೆ. ಹಾಗೆ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತೇ ಇಲ್ಲ. ನಾನು ತಲೆ ತಗ್ಗಿಸಿ ಕಾಫಿ ಕುಡಿಯುತ್ತೇನೆ.